ಮೆಥೋಕಲ್ಟ್ ಎಚ್4434: ರಕ್ತಕೋಶ ಹಿಡಿದ ದಾರಿಯನ್ನು ಈ ಬಾಟಲಿ ಎಷ್ಟು ಸರಿಯಾಗಿ ತೋರಿಸುತ್ತದೆ?

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಮನುಷ್ಯನ ಅಸ್ಥಿಮಜ್ಜೆಯಿಂದಲೋ ಹೊಕ್ಕುಳಬಳ್ಳಿಯ ರಕ್ತದಿಂದಲೋ ತೆಗೆದ, ಸಿಡಿ34 ಎಂಬ ಗುರುತು ಹೊತ್ತ ಎಳೆಯ ಕೋಶಗಳಲ್ಲಿ ಒಂದು ಜೀನನ್ನು ಅಡಗಿಸಿದ್ದೀರಿ ಅಥವಾ ತಿದ್ದಿದ್ದೀರಿ. ಅದರಿಂದ ಕೆಂಪು ರಕ್ತಕಣದ ದಾರಿ ಮುಚ್ಚಿತೇ, ಬಿಳಿ ಕಣದ ಕಡೆ ವಾಲಿತೇ ಎಂಬುದು ಗೊತ್ತಾಗಬೇಕು. ಈ ಪ್ರಶ್ನೆಗೆ ವ್ಯಾಂಕೂವರಿನ ಸ್ಟೆಮ್‌ಸೆಲ್ ಟೆಕ್ನಾಲಜೀಸ್ ಕಂಪನಿಯ ಮೆಥೋಕಲ್ಟ್ ಎಚ್4434 ಕ್ಲಾಸಿಕ್ ಎಂಬ, ರಕ್ತಕೋಶಗಳನ್ನು ಡಿಶ್ಶಿನಲ್ಲಿ ಬೆಳೆಸಿ ಎಣಿಸುವ ಅರೆಗಟ್ಟಿ ಮಾಧ್ಯಮ ಈಗಲೂ ನಂಬಿ ಕೊಳ್ಳಬಹುದಾದ ಮಾಲು. ಆದರೆ ಅದು ಎಣಿಸಿಕೊಡುವುದು ಕಾಂಡಕೋಶಗಳನ್ನಲ್ಲ. ಕಾಂಡಕೋಶದಿಂದ ಒಂದೆರಡು ಹೆಜ್ಜೆ ಇಳಿದುಬಂದ, ಪ್ರೊಜೆನಿಟರ್ ಎಂದು ಕರೆಯುವ ಕೋಶಗಳನ್ನು. ಈ ವ್ಯತ್ಯಾಸ ಮರೆತರೆ ಸರಿಯಾದ ಎಣಿಕೆಯಿಂದಲೂ ತಪ್ಪು ತೀರ್ಮಾನ ಹೊರಡುತ್ತದೆ.

ವಿಧಾನ ಹಳೆಯದು. 1961ರಲ್ಲಿ ಟೊರಾಂಟೊದಲ್ಲಿ ಟಿಲ್ ಮತ್ತು ಮೆಕಲ್ಲಕ್ ಇಲಿಯ ಗುಲ್ಮದ ಮೇಲೆ ಎದ್ದ ಗಂಟುಗಳನ್ನು ಎಣಿಸಿದರು. 1960ರ ದಶಕದ ನಡುವಿನಲ್ಲಿ ಇಸ್ರೇಲಿನ ಪ್ಲುಜ್ನಿಕ್ ಮತ್ತು ಸ್ಯಾಕ್ಸ್, ಮೆಲ್ಬರ್ನಿನ ಬ್ರಾಡ್ಲಿ ಮತ್ತು ಮೆಟ್ಕಾಫ್ ಅದೇ ಕೆಲಸವನ್ನು ಡಿಶ್ಶಿನೊಳಗೆ ತಂದರು. ತತ್ವ ಸರಳ: ಕೋಶಗಳು ಓಡಾಡಿ ಬೆರೆಯದಂತೆ ದಪ್ಪ ಮಾಧ್ಯಮದಲ್ಲಿ ವಿರಳವಾಗಿ ಬಿತ್ತಬೇಕು. ಆಗ ಒಂದು ಕೋಶದ ಸಂತಾನವೆಲ್ಲ ಒಂದೇ ಕಡೆ ಗುಂಪಾಗಿ ಉಳಿಯುತ್ತದೆ. ಈ ಗುಂಪಿಗೇ ಕಾಲೊನಿ ಎಂದು ಹೆಸರು. ಎರಡು ವಾರದ ಮೇಲೆ ಆ ಗುಂಪಿನಲ್ಲಿ ಯಾರ‍್ಯಾರಿದ್ದಾರೆ ಎಂದು ನೋಡಿದರೆ ಮೂಲ ಕೋಶಕ್ಕೆ ಏನೇನಾಗುವ ಸಾಮರ್ಥ್ಯವಿತ್ತೆಂದು ತಿಳಿಯುತ್ತದೆ. ಹರಿವುಮಾಪಕ ಯಂತ್ರ ಕೋಶದ ಮೇಲ್ಮೈಯನ್ನು ಓದುತ್ತದೆ, ಏಕಕೋಶ ಆರ್‌ಎನ್‌ಎ ಓದು ಆ ಕ್ಷಣ ಯಾವ ಜೀನ್ ಮಾತಾಡುತ್ತಿದೆ ಎಂದು ಹೇಳುತ್ತದೆ. ಕೋಶ ಕೊನೆಗೆ ಏನು ಹೆತ್ತಿತು ಎಂಬುದನ್ನು ಇವೆರಡೂ ಹೇಳುವುದಿಲ್ಲ.

ಬಾಟಲಿಯಲ್ಲಿ ಏನಿದೆ? ಇಸ್ಕೋವ್ ಮಾಧ್ಯಮದಲ್ಲಿ ಶೇ 1 ಮೀಥೈಲ್ ಸೆಲ್ಯುಲೋಸ್, ಶೇ 30 ಕರುಭ್ರೂಣದ ಸೀರಮ್, ಶೇ 1 ಗೋ ಅಲ್ಬುಮಿನ್, 0.1 ಮಿಲಿಮೋಲಾರ್ 2-ಮರ್ಕ್ಯಾಪ್ಟೊಎಥನಾಲ್. ಜೊತೆಗೆ ನಾಲ್ಕು ಬೆಳವಣಿಗೆಯ ಸಂದೇಶಗಳು: ಪ್ರತಿ ಮಿಲಿಲೀಟರಿಗೆ ಎಸ್‌ಸಿಎಫ್ 50 ನ್ಯಾನೊಗ್ರಾಂ, ಐಎಲ್-3 ಮತ್ತು ಜಿಎಂ-ಸಿಎಸ್‌ಎಫ್ ತಲಾ 10 ನ್ಯಾನೊಗ್ರಾಂ, ಎರಿಥ್ರೊಪೊಯೆಟಿನ್, ಅಂದರೆ ಎಪೋ, 3 ಯೂನಿಟ್. ಈ ನಾಲ್ಕರ ಆಯ್ಕೆಯಲ್ಲೇ ಡಿಶ್ಶಿನಲ್ಲಿ ಯಾವ ದಾರಿ ತೆರೆದಿರುತ್ತದೆ, ಯಾವುದು ಮುಚ್ಚಿರುತ್ತದೆ ಎಂಬುದು ತೀರ್ಮಾನವಾಗಿಬಿಡುತ್ತದೆ. ಹಾಗಾಗಿ ಪಟ್ಟಿಯನ್ನು ಲೇಬಲ್ ಓದಿದ ಹಾಗೆ ಓದಿ ಮುಗಿಸಬಾರದು.

ಸಂದೇಶ ಕೇಳಬೇಕಾದರೆ ಕೋಶದ ಮೇಲೆ ಅದರ ಗ್ರಾಹಿ ಇರಬೇಕು. ಆ ಗ್ರಾಹಿಯ ಜೀನನ್ನು ತೆರೆಯುವುದು ಕೋಶದೊಳಗಿನ ನಿಯಂತ್ರಕ ಪ್ರೋಟೀನ್. ಎಪೋ ಗ್ರಾಹಿಯ ಜೀನನ್ನು ಚಾಲೂ ಮಾಡುವುದು ಗಾಟಾ1. ಜಿಎಂ-ಸಿಎಸ್‌ಎಫ್ ಗ್ರಾಹಿಯ ಆಲ್ಫಾ ಸರಪಳಿಯ ಹಿಂದೆ ಪಿಯು.1 ಮತ್ತು ಸಿ/ಇಬಿಪಿ-ಆಲ್ಫಾ ಇವೆ. ಎಸ್‌ಸಿಎಫ್ ಕೇಳಿಸಿಕೊಳ್ಳುವ ಕಿಟ್ ಎಂಬ ಗ್ರಾಹಿಯನ್ನು ಗಾಟಾ2 ಎತ್ತಿಹಿಡಿಯುತ್ತದೆ, ಮುಂದೆ ಗಾಟಾ1 ಬಂದು ಅದನ್ನು ಆರಿಸುತ್ತದೆ. ಹೀಗಾಗಿ ಬಾಟಲಿಯಲ್ಲಿ ಎಪೋ ಎಷ್ಟಿದ್ದರೂ ಗಾಟಾ1 ಎಚ್ಚರವಾಗದ ಕೋಶಕ್ಕೆ ಅದು ಇದ್ದೂ ಇಲ್ಲದಂತೆ. ಎಚ್ಚರವಾದ ಕೋಶಕ್ಕೆ ಎಪೋ ಬಿದ್ದರೆ ಸಂದೇಶವನ್ನು ಒಳಗೆ ಸಾಗಿಸುವ ಜ್ಯಾಕ್2, ಸ್ಟ್ಯಾಟ್5 ಮೂಲಕ ಸಾವು ತಡೆಯುವ ಬಿಸಿಎಲ್-ಎಕ್ಸ್‌ಎಲ್ ಎಂಬ ಪ್ರೋಟೀನ್ ಹೆಚ್ಚಿ ಕೋಶ ಸಾಯದೆ ಉಳಿಯುತ್ತದೆ. ಡಿಶ್ಶಿನಲ್ಲಿ ಕಾಣುವ ಪ್ರತಿ ಕಾಲೊನಿಯೂ ಈ ಒಳಗಿನ ನಿಯಂತ್ರಣ ಮತ್ತು ಹೊರಗಿನ ಸಂದೇಶ ಎರಡರ ಕೂಡು ಫಲ. ಒಂದನ್ನೇ ಅಳೆದೆವು ಎಂದುಕೊಂಡರೆ ಕೆಟ್ಟಿತು.

ಒಳಗಿನ ಕಥೆಯನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಈ ಬಾಟಲಿ ಕೊಳ್ಳುವವರು ಬಹುತೇಕ ಆ ಕಥೆಯ ಯಾವುದೋ ಒಂದು ಪಾತ್ರವನ್ನು ಹಿಡಿದುಕೊಂಡೇ ಬರುತ್ತಾರೆ. ಎಳೆಯ ಕೋಶದಲ್ಲಿ ಗಾಟಾ2 ತನ್ನ ಜೀನನ್ನು ತಾನೇ ತೆರೆದಿಟ್ಟುಕೊಂಡಿರುತ್ತದೆ. ಕೆಂಪುಕಣದ ದಾರಿಯಲ್ಲಿ ಗಾಟಾ1 ಏರಿದಂತೆ ಫಾಗ್1 ಎಂಬ ಜೊತೆಗಾರನೊಂದಿಗೆ ಬಂದು ಅದೇ ಜಾಗಗಳಿಂದ ಗಾಟಾ2ವನ್ನು ಎಬ್ಬಿಸಿ ತಾನು ಕೂರುತ್ತದೆ, ಗಾಟಾ2 ಜೀನ್ ಮುಚ್ಚುತ್ತದೆ. ಗಾಟಾ1 ಮತ್ತು ಪಿಯು.1 ಪರಸ್ಪರ ಅಡ್ಡಗಾಲು ಹಾಕುತ್ತವೆ: ಗಾಟಾ1 ಅಂಟಿಕೊಂಡರೆ ಪಿಯು.1ಗೆ ಸಿ-ಜುನ್ ಎಂಬ ಸಹಾಯಕ ಪ್ರೋಟೀನಿನ ನೆರವು ಸಿಗುವುದಿಲ್ಲ, ಪಿಯು.1 ಅಂಟಿಕೊಂಡರೆ ಗಾಟಾ1 ಡಿಎನ್‌ಎ ಮೇಲೆ ಕೂರಲಾರದು. ಸಿ/ಇಬಿಪಿ-ಆಲ್ಫಾ ಇಲ್ಲದಿದ್ದರೆ ಮೂಲ ಮೈಲಾಯ್ಡ್ ಪ್ರೊಜೆನಿಟರ್ (ಕೆಂಪುಕಣ, ಪ್ಲೇಟ್‌ಲೆಟ್ ಮತ್ತು ಲಿಂಫೊಸೈಟ್ ಅಲ್ಲದ ಬಿಳಿ ಕಣಗಳ ತಾಯಿಕೋಶ) ಬಿಳಿ ಕಣಗಳ ಕಡೆಗಿನ ಗ್ರ್ಯಾನುಲೊಸೈಟ್-ಮೊನೊಸೈಟ್ ಹಂತಕ್ಕೆ ದಾಟುವುದೇ ಇಲ್ಲ. ದಾಟಿದ ಮೇಲೆ ಐಆರ್‌ಎಫ್8 ಮೊನೊಸೈಟ್ ಕಡೆಗೂ ಜಿಎಫ್‌ಐ1 ನ್ಯೂಟ್ರೊಫಿಲ್ ಕಡೆಗೂ ಎಳೆಯುತ್ತವೆ. ಕೆಂಪುಕಣವೋ ಪ್ಲೇಟ್‌ಲೆಟ್ ಹೆರುವ ಮೆಗಾಕ್ಯಾರಿಯೊಸೈಟೋ ಎಂಬ ಕವಲಿನಲ್ಲಿ ಕೆಎಲ್‌ಎಫ್1 ಒಂದು ಕಡೆ, ಎಫ್‌ಎಲ್‌ಐ1 ಇನ್ನೊಂದು ಕಡೆ.

ಗಾಟಾ1 ಮತ್ತು ಪಿಯು.1 ಸಮಬಲವಾಗಿದ್ದು ಆಕಸ್ಮಿಕವಾಗಿ ಒಂದು ಗೆದ್ದಾಗ ಕೋಶದ ಹಣೆಬರಹ ತೀರ್ಮಾನವಾಗುತ್ತದೆ ಎಂಬ ಚಿತ್ರ ಪಠ್ಯಪುಸ್ತಕಗಳಲ್ಲಿ ಬಹುಕಾಲ ಇತ್ತು. 2016ರಲ್ಲಿ ಟಿಮ್ ಶ್ರೋಡರ್ ಅವರ ತಂಡ ಎರಡೂ ಪ್ರೋಟೀನುಗಳಿಗೆ ಬಣ್ಣ ಕಟ್ಟಿದ ಇಲಿಗಳ ಜೀವಂತ ಕೋಶಗಳನ್ನು ಹಿಂಬಾಲಿಸಿ ಅದು ಹಾಗಲ್ಲ ಎಂದು ತೋರಿಸಿತು. ಗಾಟಾ1 ಕಾಣಿಸಿಕೊಳ್ಳುವ ಹೊತ್ತಿಗೆ ದಾರಿ ಆಗಲೇ ಗೊತ್ತಾಗಿರುತ್ತದೆ. ಅವುಗಳ ಜಗಳ ಆರಿಸಿದ ದಾರಿಯನ್ನು ಗಟ್ಟಿ ಮಾಡುತ್ತದೆಯೇ ಹೊರತು ಆರಿಸುವುದಿಲ್ಲ. ಮೆಥೋಕಲ್ಟ್ ಖರೀದಿಗೂ ಇದಕ್ಕೂ ಏನು ಸಂಬಂಧ ಎಂದರೆ, ಹದಿನಾಲ್ಕನೆಯ ದಿನ ನೋಡುವ ಕಾಲೊನಿಗೆ ಆಯ್ಕೆಯ ಗಳಿಗೆ ಗೊತ್ತಿರುವುದಿಲ್ಲ. ಅದಕ್ಕೆ ಗೊತ್ತಿರುವುದು ಫಲಿತಾಂಶ ಮಾತ್ರ.

ಇನ್ನು ಬಳಕೆ. 100 ಮಿಲಿಲೀಟರ್ ಬಾಟಲಿ ಹೆಪ್ಪುಗಟ್ಟಿ ಬರುತ್ತದೆ. ಇಳಿಸಬೇಕಾದ್ದು ಮೈನಸ್ 20 ಡಿಗ್ರಿ ಫ್ರೀಜರಿಗೆ. ಕರಗಿಸಲು ರಾತ್ರಿಯಿಡೀ ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇಡಿ. ಅವಸರಕ್ಕೆ 37 ಡಿಗ್ರಿ ನೀರಿನ ತೊಟ್ಟಿಗೆ ಇಳಿಸಬೇಡಿ. ಮೀಥೈಲ್ ಸೆಲ್ಯುಲೋಸ್ ಬಿಸಿಯಾದಂತೆ ಗಟ್ಟಿಯಾಗುವ ಪದಾರ್ಥ, ಬಿಸಿನೀರಿನಲ್ಲಿ ಹೊರಭಾಗ ಗಂಟುಗಟ್ಟಿ ಒಳಗೆ ಇನ್ನೂ ಮಂಜುಗಡ್ಡೆ ಉಳಿದಿರುತ್ತದೆ. ಕರಗಿದ ಮೇಲೆ ಒಂದು ನಿಮಿಷ ಜೋರಾಗಿ ಕುಲುಕಿ, ಕನಿಷ್ಠ ಐದು ನಿಮಿಷ ಬಿಡಿ, ಗುಳ್ಳೆ ಮೇಲೇರಲಿ. ಕುಲುಕುವುದನ್ನು ಬಿಟ್ಟರೆ ಬಾಟಲಿಯ ಮೇಲ್ಭಾಗ ನೀರು, ತಳ ಮಂದ. ಮೊದಲ ಟ್ಯೂಬಿನ ಡಿಶ್ಶಿನಲ್ಲಿ ಕಾಲೊನಿಗಳು ಹರಡಿಕೊಂಡು, ಕೊನೆಯ ಟ್ಯೂಬಿನಲ್ಲಿ ಮುದ್ದೆಯಾಗಿ, ಒಂದೇ ಪ್ರಯೋಗ ಎರಡು ಪ್ರಯೋಗದಂತೆ ಕಾಣುತ್ತದೆ.

ಮಾಧ್ಯಮ ಎಳೆ ಪಾಕದ ಹದದಲ್ಲಿರುತ್ತದೆ. ಪಿಪೆಟ್ಟಿನಲ್ಲಿ ಎಳೆದರೆ ಗೋಡೆಗೆ ಅಂಟಿ ಅಳತೆ ತಪ್ಪುತ್ತದೆ. ಬೇಕಾದ್ದು 16 ಗೇಜಿನ ಮೊಂಡು ತುದಿಯ ಸೂಜಿ ಮತ್ತು ತಿರುಗಿಸಿ ಬಿಗಿಯುವ ಲೂಯರ್-ಲಾಕ್ ಸಿರಿಂಜ್. ಸುಮ್ಮನೆ ಸಿಕ್ಕಿಸುವ ಸೂಜಿ ಒತ್ತಡಕ್ಕೆ ಹಾರಿಹೋಗುತ್ತದೆ. ಮೊದಲು ಒಂದು ಮಿಲಿಲೀಟರಿನಷ್ಟು ಎಳೆದು, ಪೂರ್ತಿ ಒತ್ತಿ ಗಾಳಿ ಹೊರಹಾಕಿ, ಆಮೇಲೆ ಬೇಕಾದಷ್ಟು ಎಳೆಯಿರಿ. ಪ್ರತಿ ಟ್ಯೂಬಿಗೆ 3 ಮಿಲಿಲೀಟರ್. ಬಾಟಲಿಯೊಂದಕ್ಕೆ ಲೆಕ್ಕದಲ್ಲಿ 33 ಟ್ಯೂಬ್, ಅಂಟಿಕೊಂಡು ಹೋಗುವುದನ್ನು ಕಳೆದು 30 ಎಂದು ಹಿಡಿದರೆ ಯೋಜನೆ ಕೈಕೊಡುವುದಿಲ್ಲ. ಟ್ಯೂಬಿಗೆ ಎರಡು ಡಿಶ್, ಅಂದರೆ ಬಾಟಲಿಗೆ 60. ಹಂಚಿದ ಟ್ಯೂಬುಗಳನ್ನು ಮತ್ತೆ ಫ್ರೀಜರಿನಲ್ಲಿಟ್ಟು ಬೇಕಾದಾಗ ಒಂದೊಂದೇ ಕರಗಿಸಬಹುದು. ಇಡೀ ಬಾಟಲಿಯನ್ನೇ ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸುವುದು ಬೇಡ.

ಕೋಶಗಳನ್ನು ಹತ್ತು ಪಟ್ಟು ಸಾಂದ್ರವಾಗಿ ಸಿದ್ಧಪಡಿಸಬೇಕು. 3 ಮಿಲಿಲೀಟರ್ ಮಾಧ್ಯಮಕ್ಕೆ 0.3 ಮಿಲಿಲೀಟರ್ ಕೋಶದ್ರಾವಣ. ಡಿಶ್ಶಿಗೆ 1.1 ಮಿಲಿಲೀಟರ್ ಹೋಗುತ್ತದೆ. ಡಿಶ್ಶಿಗೆ 500 ಸಿಡಿ34 ಕೋಶ ಬೇಕಾದರೆ ದ್ರಾವಣ ಮಿಲಿಲೀಟರಿಗೆ 5000 ಇರಬೇಕು: 0.3 ಮಿಲಿಲೀಟರಿನಲ್ಲಿ 1500, ಅದು 3.3 ಮಿಲಿಲೀಟರಿನಲ್ಲಿ ಹರಡಿ, 1.1ರಲ್ಲಿ 500. ಹೆಚ್ಚು ದ್ರವ ಹಾಕಿ ತೆಳುವಾದರೆ ಕಾಲೊನಿಗಳು ಹರಿದಾಡಿ ಬೆರೆಯುತ್ತವೆ. 0.3ಕ್ಕಿಂತ ಜಾಸ್ತಿ ಹಾಕುವ ಆಸೆ ಬಿಡಿ. ಬೇರ್ಪಡಿಸದ ಏಕಕೇಂದ್ರ ಕೋಶಗಳಾದರೆ ಹೊಕ್ಕುಳಬಳ್ಳಿ ರಕ್ತಕ್ಕೆ ಡಿಶ್ಶಿಗೆ ಸುಮಾರು 10,000, ಮಜ್ಜೆಗೆ 20,000ದಿಂದ 50,000, ಸಾಮಾನ್ಯ ರಕ್ತನಾಳದ ರಕ್ತಕ್ಕೆ ಒಂದರಿಂದ ಎರಡು ಲಕ್ಷ. ಗುರಿ ಡಿಶ್ಶಿಗೆ 25ರಿಂದ 120 ಕಾಲೊನಿ. ಕಡಿಮೆಯಾದರೆ ಅಂಕಿಗೆ ಬಲವಿಲ್ಲ, ಹೆಚ್ಚಾದರೆ ಒಂದರ ಮೇಲೊಂದು ಬಿದ್ದು ಎರಡು ಬಗೆಯವು ಸೇರಿ ‘ಮಿಶ್ರ ಕಾಲೊನಿ’ಯ ವೇಷ ಹಾಕುತ್ತವೆ. ಹೊಸ ಮಾದರಿಯಾದರೆ 250, 500, 1000 ಎಂದು ಮೂರು ಸಾಂದ್ರತೆ ಹಾಕಿ. ಎಣಿಕೆ ಅದೇ ಅನುಪಾತದಲ್ಲಿ ಏರದಿದ್ದರೆ ಮೇಲಿನ ಸಾಂದ್ರತೆಯ ಅಂಕಿ ನಂಬಬೇಡಿ.

ಟ್ಯೂಬನ್ನು ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಕಲಕಿ, ಮತ್ತೆ ಐದು ನಿಮಿಷ ಬಿಟ್ಟು, ಸಿರಿಂಜಿನಿಂದ ಡಿಶ್ಶಿಗೆ ಹಾಕಿ, ನಿಧಾನವಾಗಿ ವಾಲಿಸಿ ಹರಡಬೇಕು. ಡಿಶ್ 35 ಮಿಲಿಮೀಟರಿನದು. ಕೋಶ ಅಂಟಿಕೊಳ್ಳುವಂತೆ ಸಂಸ್ಕರಿಸಿದ್ದು ಬೇಡ. ಅಂಥದರಲ್ಲಿ ಮ್ಯಾಕ್ರೊಫೇಜುಗಳೂ ಸ್ಟ್ರೋಮಾ ಎಂಬ ಮಜ್ಜೆಯ ಆಧಾರ ಕೋಶಗಳೂ ತಳಕ್ಕೆ ಕಚ್ಚಿ ಹರಡಿ, ಎಣಿಸುವವರ ಕಣ್ಣಿಗೆ ಮಣ್ಣೆರಚುತ್ತವೆ. ಎರಡು ಡಿಶ್, ಜೊತೆಗೆ ಮುಚ್ಚಳವಿಲ್ಲದ ಮೂರನೆಯದರಲ್ಲಿ 3 ಮಿಲಿಲೀಟರ್ ಶುದ್ಧ ನೀರು, ಮೂರೂ 100 ಮಿಲಿಮೀಟರ್ ಡಿಶ್ಶಿನೊಳಗೆ. 37 ಡಿಗ್ರಿ, ಶೇ 5 ಇಂಗಾಲದ ಡೈಆಕ್ಸೈಡ್, ತೇವಾಂಶ ಶೇ 95ಕ್ಕೆ ಕಡಿಮೆ ಇಲ್ಲದೆ. 14ರಿಂದ 16 ದಿನ.

ಈ ಮೂರನೆಯ ಡಿಶ್ಶಿನ ನೀರನ್ನು ಶಾಸ್ತ್ರಕ್ಕೆ ಎಂದು ಬಿಟ್ಟುಬಿಡುವವರಿದ್ದಾರೆ. ಬಿಟ್ಟರೆ ಮೊದಲ ವಾರ ಏನೂ ಗೊತ್ತಾಗುವುದಿಲ್ಲ. ಎರಡನೆಯ ವಾರದಲ್ಲಿ ಅಂಚಿನ ಮಾಧ್ಯಮ ಒಣಗಿ, ಲವಣಾಂಶ ಏರಿ, ಕೆಂಪು ಕಾಲೊನಿಗಳು ಚಿಕ್ಕದಾಗಿ, ಹಿಮೊಗ್ಲೋಬಿನ್ ತುಂಬದೆ ಬೂದಾಗಿ ನಿಲ್ಲುತ್ತವೆ. ನಿಮ್ಮ ಪ್ರಯೋಗ ಗಾಟಾ1 ಕುರಿತದ್ದಾದರೆ ಇದು ಥೇಟ್ ನೀವು ಕಾಯುತ್ತಿದ್ದ ಫಲಿತಾಂಶದಂತೆಯೇ ಕಾಣುತ್ತದೆ! ನಿಯಂತ್ರಣದ, ಅಂದರೆ ಹೋಲಿಕೆಗೆಂದು ಇಟ್ಟ ಡಿಶ್ಶುಗಳನ್ನೂ ಪ್ರಯೋಗದ ಡಿಶ್ಶುಗಳನ್ನೂ ಒಂದೇ ದೊಡ್ಡ ಡಿಶ್ಶಿನೊಳಗೆ ಜೋಡಿಯಾಗಿ ಇಡುವುದು ಇದಕ್ಕೆ ಅಗ್ಗದ ಮದ್ದು. ಇನ್‌ಕ್ಯುಬೇಟರ್ ಬಾಗಿಲನ್ನು ದಿನಕ್ಕೆ ಹತ್ತು ಸಲ ತೆಗೆಯುವ ಲ್ಯಾಬಿನಲ್ಲಿ ಈ ಡಿಶ್ಶುಗಳಿಗೆ ಪ್ರತ್ಯೇಕ ಖಾನೆ, ಸಾಧ್ಯವಾದರೆ ಪ್ರತ್ಯೇಕ ಇನ್‌ಕ್ಯುಬೇಟರೇ ಇರಲಿ. ಒಯ್ಯುವಾಗ ಓರೆ ಮಾಡಬೇಡಿ. ಮಾಧ್ಯಮ ಅರೆಗಟ್ಟಿಯಷ್ಟೆ, ಅಲುಗಾಡಿದರೆ ಸಡಿಲ ಕಾಲೊನಿ ಬಾಲ ಬಿಟ್ಟುಕೊಂಡು ಜಾರುತ್ತದೆ.

ಎಣಿಕೆಗೆ ತಲೆಕೆಳಗಾದ ಸೂಕ್ಷ್ಮದರ್ಶಕ, ಎಣಿಸುವ ಡಿಶ್ಶನ್ನು ಒಳಗಿಡಲು ತಳದಲ್ಲಿ ಚೌಕಗೆರೆ ಇರುವ 60 ಮಿಲಿಮೀಟರ್ ಡಿಶ್. ಮೊದಲು 25 ಪಟ್ಟಿನಲ್ಲಿ ಇಡೀ ಡಿಶ್ ಒಮ್ಮೆ ನೋಡಿ, ಅನುಮಾನ ಬಂದದ್ದನ್ನು 40 ಪಟ್ಟಿಗೆ ಏರಿಸಿ. ಒಂದೋ ಎರಡೋ ಪುಟ್ಟ ಗೊಂಚಲು, 8ರಿಂದ 200 ಎರಿಥ್ರೊಬ್ಲಾಸ್ಟ್, ಅಂದರೆ ಎಳೆಯ ಕೆಂಪುಕಣ ಇದ್ದರೆ ಸಿಎಫ್‌ಯು-ಇ. 200 ದಾಟಿದ್ದರೆ, ಒಂದೇ ಗೊಂಚಲಾಗಲಿ ಹಲವಾಗಲಿ, ಬಿಎಫ್‌ಯು-ಇ. ಬಣ್ಣವಿಲ್ಲದ, ಕನಿಷ್ಠ 20 ಗ್ರ್ಯಾನುಲೊಸೈಟ್ ಅಥವಾ ಮ್ಯಾಕ್ರೊಫೇಜ್ ಇರುವುದು ಸಿಎಫ್‌ಯು-ಜಿಎಂ. ನಡುವೆ ಕೆಂಪು, ಸುತ್ತ ಬಣ್ಣವಿಲ್ಲದ ಕೋಶ, ಒಟ್ಟು ಸಾಮಾನ್ಯವಾಗಿ 500ಕ್ಕೂ ಹೆಚ್ಚಿದ್ದರೆ ಸಿಎಫ್‌ಯು-ಜೆಮ್. ಕೊನೆಯದು ಅಪರೂಪ. ಡಿಶ್ಶಿನಲ್ಲಿ ಅದು ಹೇರಳವಾಗಿ ಸಿಕ್ಕರೆ ಖುಷಿಪಡುವ ಮೊದಲು ಸಾಂದ್ರತೆ ನೋಡಿ. ಕೆಂಪೆಂದರೆ ಕೆಂಪೇ ಅಲ್ಲ, ತಿಳಿ ಕಂದಿನಿಂದ ಇಟ್ಟಿಗೆಯ ಬಣ್ಣದವರೆಗೆ ಇರುತ್ತದೆ. ಹಿಮೊಗ್ಲೋಬಿನ್ ಕಟ್ಟುವುದನ್ನೇ ಕೆಡಿಸಿದ ಜೀನ್ ಪ್ರಯೋಗದಲ್ಲಿ ಬಣ್ಣವನ್ನು ಗುರುತಾಗಿ ಬಳಸುವಂತಿಲ್ಲ. ಅಲ್ಲಿ ಕಾಲೊನಿ ಕಿತ್ತು ಸಿಡಿ235ಎ ಮತ್ತು ಸಿಡಿ71 ಎಂಬ ಕೆಂಪುಕಣದ ಸಾಲಿನ ಮೇಲ್ಮೈ ಗುರುತುಗಳಿಗೆ ಬಣ್ಣಕಟ್ಟಿ ನೋಡಬೇಕು. ಇಬ್ಬರು ಎಣಿಸಿ, ಮಾದರಿಯ ಹೆಸರು ಮುಚ್ಚಿ ಎಣಿಸಿ. ಅದೇ ಕಂಪನಿಯ ಸ್ಟೆಮ್‌ವಿಷನ್ ಯಂತ್ರ ಚಿತ್ರ ತೆಗೆದು ತಾನೇ ಎಣಿಸುತ್ತದೆ. ಡಿಶ್ಶುಗಳ ರಾಶಿ ಇರುವವರಿಗೆ ಸರಿ, ವಾರಕ್ಕೆ ಹತ್ತು ಡಿಶ್ ನೋಡುವವರಿಗೆ ದುಂದು.

ಎಲ್ಲಕ್ಕಿಂತ ಹೆಚ್ಚು ಎಡವುವುದು ಅರ್ಥ ಮಾಡುವಾಗ. ನಿಯಂತ್ರಣದ ಡಿಶ್ಶಿನಲ್ಲಿ 40 ಬಿಎಫ್‌ಯು-ಇ, 45 ಜಿಎಂ, 5 ಜೆಮ್ ಬಂದವು ಎಂದಿಟ್ಟುಕೊಳ್ಳಿ, ಒಟ್ಟು 90. ಜೀನ್ ಅಡಗಿಸಿದ ಡಿಶ್ಶಿನಲ್ಲಿ 10, 45, 1; ಒಟ್ಟು 56. ಶೇಕಡಾವಾರು ಪಟ್ಟಿ ಬರೆದರೆ ಜಿಎಂ ಪಾಲು 50ರಿಂದ 80ಕ್ಕೆ ಜಿಗಿದಂತೆ ಕಾಣುತ್ತದೆ. ‘ಕೋಶಗಳು ಕೆಂಪಿನ ದಾರಿ ಬಿಟ್ಟು ಬಿಳಿಯ ದಾರಿಗೆ ಹೊರಳಿದವು’ ಎಂದು ಬರೆಯಲು ಕೈ ತುರಿಸುತ್ತದೆ. ಆದರೆ ಜಿಎಂ ಸಂಖ್ಯೆ 45ರಲ್ಲೇ ನಿಂತಿದೆ. ಯಾರೂ ಹೊರಳಲಿಲ್ಲ, ಕೆಂಪಿನ ದಾರಿ ಹಿಡಿದವರು ಸತ್ತರು. ಗಾಟಾ1 ಇಲ್ಲದ ಇಲಿಗಳಲ್ಲಿ ಆಗುವುದೂ ಇದೇ: ಕೋಶ ಕೆಂಪಿನ ದಾರಿಗೆ ಬಂದಿರುತ್ತದೆ, ಪ್ರೊಎರಿಥ್ರೊಬ್ಲಾಸ್ಟ್ ಹಂತದಲ್ಲಿ ನಿಂತು ಸಾಯುತ್ತದೆ. ಆದ್ದರಿಂದ ಬಿತ್ತಿದ ಕೋಶಕ್ಕೆ ಎಷ್ಟು ಕಾಲೊನಿ ಎಂಬ ನಿಖರ ಸಂಖ್ಯೆ ಕೊಡದೆ ಶೇಕಡಾವಾರು ಕಂಬಗಳನ್ನಷ್ಟೇ ಕೊಟ್ಟ ಚಿತ್ರವನ್ನು ನಂಬುವ ಅಗತ್ಯವಿಲ್ಲ. ಬಿಎಫ್‌ಯು-ಇ 30 ಇಳಿದು ಜಿಎಂ ಸುಮಾರು ಅಷ್ಟೇ ಏರಿದ್ದರೆ ಹೊರಳಿದ ಮಾತಿಗೆ ಬಲ ಬರುತ್ತದೆ. ಆಗಲೂ ಪುರಾವೆ ಪೂರ್ಣವಲ್ಲ.

ಪೂರ್ಣ ಪುರಾವೆ ಹೇಗಿರುತ್ತದೆ ಎಂಬುದಕ್ಕೆ 2009ರಲ್ಲಿ ರೀಗರ್ ಮತ್ತು ಸಂಗಡಿಗರು ಮಾಡಿದ ಕೆಲಸ ನೋಡಬೇಕು. ಇಲಿಯ ಗ್ರ್ಯಾನುಲೊಸೈಟ್-ಮ್ಯಾಕ್ರೊಫೇಜ್ ಪ್ರೊಜೆನಿಟರುಗಳನ್ನು ಒಂದೇ ಸಂದೇಶವಿರುವ ಮಾಧ್ಯಮದಲ್ಲಿಟ್ಟು, ಒಂದೊಂದು ಕೋಶವನ್ನೂ ಕ್ಯಾಮೆರಾದಲ್ಲಿ ಬಿಡದೆ ಹಿಂಬಾಲಿಸಿದರು. ಇನ್ನೊಂದು ದಾರಿಯವು ಸಾಯುತ್ತಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆಯೇ ಜಿ-ಸಿಎಸ್‌ಎಫ್ ಮತ್ತು ಎಂ-ಸಿಎಸ್‌ಎಫ್ ಎಂಬ ಸಂದೇಶಗಳು ದಾರಿಯನ್ನು ನಿರ್ದೇಶಿಸಬಲ್ಲವು ಎಂದರು. ಎಚ್4434ರಲ್ಲಿ ನಾಲ್ಕು ಸಂದೇಶಗಳ ಜೊತೆಗೆ ಶೇ 30 ಸೀರಮ್ ಇದೆ. ನಿರ್ದೇಶನವೋ ಬದುಕುಳಿವೋ ಎಂಬ ಪ್ರಶ್ನೆಗೆ ಇದು ಹೇಳಿ ಮಾಡಿಸಿದ ಜಾಗವಲ್ಲ.

ಅದೇ ಸಾಲಿನ ಬೇರೆ ಬಾಟಲಿಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಎಚ್4230ರಲ್ಲಿ ಸಂದೇಶಗಳೇ ಇಲ್ಲ, ನಿಮಗೆ ಬೇಕಾದ್ದನ್ನು ನೀವೇ ಬೆರೆಸಬಹುದು. ಮಕ್ಕಳಲ್ಲಿ ಬರುವ ಜೆಎಂಎಂಎಲ್ ಎಂಬ ರಕ್ತದ ಕಾಯಿಲೆಯ ಕೋಶಗಳು ಅತಿ ಕಡಿಮೆ ಜಿಎಂ-ಸಿಎಸ್‌ಎಫ್‌ಗೂ ಕಾಲೊನಿ ಕಟ್ಟುತ್ತವೆ ಎಂಬುದನ್ನು ನೋಡಲು ಇಂಥದೇ ಬೇಕು. ಎಚ್4534ರಲ್ಲಿ ಎಪೋ ಮಾತ್ರ ಇಲ್ಲ. ಜ್ಯಾಕ್2 ಜೀನಿನ ವಿ617ಎಫ್ ಬದಲಾವಣೆ ಇರುವ ಪಾಲಿಸೈಥೀಮಿಯಾ ವೆರಾ (ಕೆಂಪುಕಣ ಅತಿಯಾಗುವ ಕಾಯಿಲೆ) ರೋಗಿಯ ಕೋಶಗಳು ಎಪೋ ಇಲ್ಲದೆಯೂ ಕೆಂಪು ಕಾಲೊನಿ ಕಟ್ಟುತ್ತವೆ, ಗ್ರಾಹಿಯ ಕೆಳಗಿನ ಸ್ವಿಚ್ ಸದಾ ಒತ್ತಿಕೊಂಡೇ ಇರುವುದರಿಂದ. ಇಲಿಯ ಕೋಶಕ್ಕೆ ಎಂ3434 ಕೊಳ್ಳಿ. ಅದರಲ್ಲಿ ಜಿಎಂ-ಸಿಎಸ್‌ಎಫ್ ಬದಲು ಐಎಲ್-6 ಇದೆ, ಎಣಿಕೆಯೂ 7ರಿಂದ 12 ದಿನಕ್ಕೆ. ಮನುಷ್ಯನ ಐಎಲ್-3 ಇಲಿಯ ಕೋಶದ ಮೇಲೆ ಕೆಲಸ ಮಾಡದ ಕಾರಣ ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ಎಚ್4434 ನಿಜವಾಗಿ ಹೊಳೆಯುವುದು ಜೀನ್ ತಿದ್ದುವ ಚಿಕಿತ್ಸೆಯ ಕೆಲಸದಲ್ಲಿ. ಕುಡಗೋಲು ಕಣ ರೋಗಕ್ಕೆ ನವೆಂಬರ್ 2023ರಲ್ಲಿ ಬ್ರಿಟನ್ನಿನಲ್ಲೂ ಡಿಸೆಂಬರ್ 2023ರಲ್ಲಿ ಅಮೆರಿಕದಲ್ಲೂ ಒಪ್ಪಿಗೆ ಪಡೆದ ಕ್ಯಾಸ್ಜೆವಿ ಎಂಬ ಜೀನ್ ತಿದ್ದುವ ಚಿಕಿತ್ಸೆ, ಬಿಸಿಎಲ್11ಎ ಜೀನನ್ನೇ ಕತ್ತರಿಸುವುದಿಲ್ಲ. ಆ ಜೀನಿನ ಎರಡನೆಯ ಇಂಟ್ರಾನಿನಲ್ಲಿ (ಪ್ರೋಟೀನಿನ ಸೂತ್ರವಿಲ್ಲದ ತುಂಡಿನಲ್ಲಿ) ಕೆಂಪುಕಣದ ದಾರಿಯಲ್ಲಿ ಮಾತ್ರ ಎಚ್ಚರವಾಗುವ ಒಂದು ವರ್ಧಕ, ಅಂದರೆ ಜೀನಿನ ದನಿ ಏರಿಸುವ ಸ್ವಿಚ್ ಇದೆ. ಕತ್ತರಿ ಬೀಳುವುದು ಅಲ್ಲಿ ಗಾಟಾ1 ಕೂರುವ ಜಾಗಕ್ಕೆ. ಕೂರಲು ಜಾಗ ಕೆಟ್ಟರೆ ಕೆಂಪುಕಣದ ಸಾಲಿನಲ್ಲಿ ಬಿಸಿಎಲ್11ಎ ಇಳಿಯುತ್ತದೆ, ಅದು ಅದುಮಿಟ್ಟಿದ್ದ ಗಾಮಾ ಗ್ಲೋಬಿನ್ ಮೇಲೇಳುತ್ತದೆ, ಭ್ರೂಣದ ಹಿಮೊಗ್ಲೋಬಿನ್ ಮರಳುತ್ತದೆ. ಕಾಂಡಕೋಶಕ್ಕೂ ಬಿ ಲಿಂಫೊಸೈಟಿಗೂ ಬೇಕಾದ ಬಿಸಿಎಲ್11ಎ ಹಾಗೇ ಉಳಿಯುತ್ತದೆ. ಒಂದು ಜೀನ್ ಬೇರೆ ಬೇರೆ ದಾರಿಗಳಲ್ಲಿ ಬೇರೆ ಬೇರೆ ಸ್ವಿಚ್ಚಿನಿಂದ ನಡೆಯುತ್ತದೆ ಎಂಬ ಪಾಠ ಔಷಧವಾಗಿ ಬಂದ ಮೊದಲ ಉದಾಹರಣೆಗಳಲ್ಲಿ ಇದೊಂದು. ನಮ್ಮ ಕಡೆಯ ನಂಟೂ ಇದೆ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಘಟಕವಾದ ವೆಲ್ಲೂರಿನ ಕಾಂಡಕೋಶ ಸಂಶೋಧನಾ ಕೇಂದ್ರ ಮತ್ತು ಸಿಎಂಸಿ ಆಸ್ಪತ್ರೆಯ ತಂಡ ಹಿಮೋಫೀಲಿಯಾ ಎ ಇರುವ ಐವರಿಗೆ ಲೆಂಟಿವೈರಸ್ ಮೂಲಕ ಜೀನ್ ಸೇರಿಸಿದ ಸಿಡಿ34 ಕೋಶ ಕೊಟ್ಟ ಫಲಿತಾಂಶ 2024ರ ಕೊನೆಗೆ ಪ್ರಕಟವಾಯಿತು. ಅಲ್ಲಿ ಹೆಪ್ಪುಗಟ್ಟಿಸುವ ಎಂಟನೆಯ ಅಂಶದ ಜೀನಿನ ಮುಂದೆ ಸಿಡಿ68 ಜೀನಿನ ಪ್ರಮೋಟರ್, ಅಂದರೆ ಜೀನ್ ಶುರುಮಾಡುವ ಸ್ವಿಚ್ ಇಟ್ಟಿದ್ದರು. ಅಂದರೆ ಕಾಂಡಕೋಶದಲ್ಲಿ ಸುಮ್ಮನಿದ್ದು, ಮೊನೊಸೈಟ್ ದಾರಿ ಹಿಡಿದ ಸಂತಾನದಲ್ಲಿ ಮಾತ್ರ ಮಾತಾಡುವ ಜೀನ್.

ಇಂಥ ಕೆಲಸದಲ್ಲಿ ಕಾಲೊನಿಯ ಬೆಲೆ ಎಣಿಕೆಗಿಂತ ಜಾಸ್ತಿ. ಪ್ರತಿ ಕಾಲೊನಿ ಒಂದು ಕೋಶದ ಸಂತಾನವಾದ್ದರಿಂದ ಅದನ್ನು ಕಿತ್ತು ಡಿಎನ್‌ಎ ಓದಿದರೆ ಆ ಒಂದು ಕೋಶದ ಜಾತಕ ಸಿಗುತ್ತದೆ. ಒಟ್ಟು ಕೋಶರಾಶಿಯಲ್ಲಿ ಶೇ 80 ತಿದ್ದಿದೆ ಎಂದರೆ ಎಷ್ಟು ಕೋಶಗಳಲ್ಲಿ ಎರಡೂ ಪ್ರತಿ ತಿದ್ದಿದೆ, ಎಷ್ಟರಲ್ಲಿ ಒಂದೇ ಎಂದು ಗೊತ್ತಾಗುವುದಿಲ್ಲ. ಕಾಲೊನಿಯಲ್ಲಿ ಉತ್ತರ 0, 50 ಅಥವಾ 100. ನಡುವೆ ಶೇ 25, ಶೇ 70 ಎಂದೆಲ್ಲ ಬಂದರೆ ಎರಡು ಕಾಲೊನಿ ಸೇರಿವೆ, ಇಲ್ಲವೇ ಕೋಶ ಎರಡಾಗಿ ವಿಭಜನೆಯಾದ ಮೇಲೆ ಕತ್ತರಿ ಬಿದ್ದಿದೆ. ಕೀಳುವ ಉದ್ದೇಶವಿದ್ದರೆ ಸಾಂದ್ರತೆಯನ್ನು ಎಣಿಕೆಗಿಂತ ಅರ್ಧಕ್ಕೆ ಇಳಿಸಿ, ಸುತ್ತ ಖಾಲಿ ಇರುವ ಕಾಲೊನಿಗಳನ್ನೇ ಆರಿಸಿ. ಸಣ್ಣ ಪಿಪೆಟ್ ತುದಿಯಿಂದ ಹೀರಿದ ಕಾಲೊನಿಯನ್ನು ಒಂದು ಮಿಲಿಲೀಟರ್ ಪಿಬಿಎಸ್ ಎಂಬ ಉಪ್ಪಿನ ದ್ರಾವಣಕ್ಕೆ ಹಾಕಿ ಚೆನ್ನಾಗಿ ಕಲಕಿ ಸೆಂಟ್ರಿಫ್ಯೂಜ್ ಮಾಡಿ ತೊಳೆಯಿರಿ. ತೊಳೆಯದಿದ್ದರೆ ಜೊತೆಗೆ ಬಂದ ಮೀಥೈಲ್ ಸೆಲ್ಯುಲೋಸ್, ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಅನ್ನು ತಡೆಯುತ್ತದೆ. ಕೆಂಪು ಕಾಲೊನಿಯ ಹಿಮೊಗ್ಲೋಬಿನ್ ಕೂಡ ತಡೆಯುವುದರಿಂದ ಎರಡು ಸಲ ತೊಳೆದರೆ ಒಳ್ಳೆಯದು.

ಇಲ್ಲೊಂದು ಎಚ್ಚರಿಕೆ. ಈ ಮಾಧ್ಯಮದಲ್ಲಿ ಏನೂ ತಿದ್ದದ ವಯಸ್ಕರ ಕೋಶಗಳೂ ಮೈಯೊಳಗಿಗಿಂತ ಹೆಚ್ಚು ಭ್ರೂಣದ ಹಿಮೊಗ್ಲೋಬಿನ್ ಮಾಡುತ್ತವೆ. ಎಸ್‌ಸಿಎಫ್‌ಗೂ ಸೀರಮ್‌ಗೂ ಆ ಗುಣವಿದೆ. ಹೊಕ್ಕುಳಬಳ್ಳಿ ರಕ್ತವಂತೂ ಹುಟ್ಟಿನಿಂದಲೇ ಗಾಮಾ ಗ್ಲೋಬಿನ್ ಮಾಡುವಂಥದ್ದು, ಬಿಸಿಎಲ್11ಎ ಪ್ರಯೋಗಕ್ಕೆ ಅದನ್ನು ಬಳಸುವುದು ಮೊದಲೇ ಸೋತಂತೆ. ವಯಸ್ಕ ದಾನಿಯ ಕೋಶ ತೆಗೆದುಕೊಂಡು, ಏನೂ ಮಾಡದ್ದು, ಕತ್ತರಿಯನ್ನು ಕೋಶದೊಳಗೆ ನುಗ್ಗಿಸಲು ಕೊಡುವ ವಿದ್ಯುತ್ ಆಘಾತವನ್ನು ಕತ್ತರಿ ಇಲ್ಲದೆ ಕೊಟ್ಟದ್ದು, ತಿದ್ದಿದ್ದು ಎಂದು ಮೂರೂ ಹಾಕಿ. ಆಘಾತವೊಂದೇ ಕಾಲೊನಿ ಸಂಖ್ಯೆ ಇಳಿಸುತ್ತದೆ. ಎರಡನೆಯ ಗುಂಪಿಲ್ಲದೆ ಆ ಇಳಿತ ಜೀನಿನ ತಲೆಗೆ ಕಟ್ಟಲಾಗುತ್ತದೆ.

ಡೈಮಂಡ್-ಬ್ಲಾಕ್‌ಫ್ಯಾನ್ ರಕ್ತಹೀನತೆ ಈ ಪರೀಕ್ಷೆಗೆ ಹೇಳಿ ಮಾಡಿಸಿದ ರೋಗ. ಕಾರಣ ಸಾಮಾನ್ಯವಾಗಿ ಆರ್‌ಪಿಎಸ್19ರಂಥ ರೈಬೋಸೋಮ್ ಜೀನಿನ ಒಂದು ಪ್ರತಿಯ ನಷ್ಟ. ಎಲ್ಲ ಕೋಶಕ್ಕೂ ಬೇಕಾದ ರೈಬೋಸೋಮ್ ಕಡಿಮೆಯಾದರೆ ಕೆಂಪುಕಣ ಮಾತ್ರ ಯಾಕೆ ಕೆಡಬೇಕು ಎಂಬ ಒಗಟಿಗೆ 2014ರಲ್ಲಿ ಒಂದು ಉತ್ತರ ಬಂತು. ಗಾಟಾ1ರ ಆರ್‌ಎನ್‌ಎಯಿಂದ ಪ್ರೋಟೀನ್ ಮಾಡುವ ಕೆಲಸವೇ ಈ ಕೊರತೆಯಲ್ಲಿ ಹೆಚ್ಚು ಪೆಟ್ಟು ತಿನ್ನುತ್ತದೆ. ಡಿಶ್ಶಿನಲ್ಲಿ ಬಿಎಫ್‌ಯು-ಇ ಕುಸಿದು ಜಿಎಂ ಬಹುಮಟ್ಟಿಗೆ ಉಳಿಯುವುದು ಇದರ ಸಾಮಾನ್ಯ ಚಿತ್ರ. ಹಾಗೆ ಒಂದು ಸಾಲು ಬಿದ್ದು ಪಕ್ಕದ ಸಾಲು ನಿಂತದ್ದನ್ನು ಒಂದೇ ಡಿಶ್ಶಿನಲ್ಲಿ ತೋರಿಸುವ ಪರೀಕ್ಷೆ ಇಷ್ಟು ಸುಲಭವಾಗಿ ಬೇರೆ ಸಿಗದು.

ಏನಕ್ಕೆ ಇದು ಬೇಡ? ಪ್ಲೇಟ್‌ಲೆಟ್ ಸಾಲಿಗೆ ಬೇಡ. ಆ ಸಾಲಿಗೆ ಬೇಕಾದ ಥ್ರಾಂಬೊಪೊಯೆಟಿನ್ ಎಂಬ ಸಂದೇಶ ಇಲ್ಲ, ಸೀರಮ್ ಅಡ್ಡಿ ಮಾಡುತ್ತದೆ. ಅದಕ್ಕೆ ಕೊಲ್ಯಾಜೆನ್ ಬಳಸುವ ಮೆಗಾಕಲ್ಟ್-ಸಿ ಇದೆ. ಬಿ, ಟಿ ಲಿಂಫೊಸೈಟುಗಳು ಮನುಷ್ಯನ ಕೋಶದಿಂದ ಇದರಲ್ಲಿ ಬರುವುದಿಲ್ಲ. ಟಿ ದಾರಿಗೆ ನಾಚ್ ಸಂಕೇತ ಬೇಕು, ಅದನ್ನು ಬಾಟಲಿಯಲ್ಲಿ ಕರಗಿಸಿ ಕೊಡಲಾಗುವುದಿಲ್ಲ. ಲಿಂಫೊಸೈಟ್ ದಾರಿಯ ನಿಯಂತ್ರಕಗಳಾದ ಐಕಾರೋಸ್ ಅಥವಾ ಪ್ಯಾಕ್ಸ್5 ಮೇಲೆ ಕೆಲಸ ಮಾಡುವವರು ಈ ಡಿಶ್ಶಿನಲ್ಲಿ ‘ಏನೂ ಬದಲಾಗಲಿಲ್ಲ’ ಎಂದರೆ ಅದಕ್ಕೆ ಅರ್ಥವಿಲ್ಲ. ಆ ದಾರಿಯನ್ನು ಕೇಳಿಯೇ ಇಲ್ಲ. ನಿಜವಾದ ಕಾಂಡಕೋಶ ಬೇಕಾದರೆ ಸ್ಟ್ರೋಮಾ ಕೋಶಗಳ ಮೇಲೆ ಐದು ವಾರ ಸಾಕಿ ಆಮೇಲೆ ಮೆಥೋಕಲ್ಟಿಗೆ ಹಾಕುವ ಎಲ್‌ಟಿಸಿ-ಐಸಿ, ಅದಕ್ಕೂ ಮೇಲೆ ರೋಗನಿರೋಧಕ ಶಕ್ತಿಯಿಲ್ಲದ ಇಲಿಗೆ ಕಸಿ ಮಾಡಿ 16 ವಾರ ಕಾಯುವುದು. ಇಲಿಯ ಕೋಶದಲ್ಲಿ ಕಾಲೊನಿ ಕಿತ್ತು ಮರುಬಿತ್ತುವುದು ಎಂಎಲ್ಎಲ್-ಎಎಫ್9ರಂಥ ಲುಕೇಮಿಯಾ ಜೀನುಗಳಿಗೆ ಒಳ್ಳೆಯ ಪರೀಕ್ಷೆ. ಸಾಮಾನ್ಯ ಕೋಶ ಒಂದೆರಡು ಸುತ್ತಿಗೆ ಬತ್ತುತ್ತದೆ, ಅವು ಬತ್ತುವುದಿಲ್ಲ. ಆದರೆ ಅದನ್ನು ಕಾಂಡಕೋಶದ ಸ್ವಯಂನವೀಕರಣ ಎಂದು ಕರೆಯುವುದು ಮಾತನ್ನು ಹಿಗ್ಗಿಸಿದಂತೆ.

ಪರ್ಯಾಯಗಳಿಲ್ಲವೆಂದಲ್ಲ. ಆರ್ ಅಂಡ್ ಡಿ ಸಿಸ್ಟಮ್ಸ್‌ನ ಎಚ್‌ಎಸ್‌ಸಿ003, ಮಿಲ್ಟೆನಿಯ ಸ್ಟೆಮ್‌ಮ್ಯಾಕ್ಸ್ ಸಾಲು ಎರಡೂ ಅದೇ ಕೆಲಸ ಮಾಡುತ್ತವೆ. ಸೀರಮ್ ಬೇಡವೆಂದರೆ ಮೆಥೋಕಲ್ಟ್ ಎಸ್‌ಎಫ್ ಎಚ್4436 ಇದೆ. ನಡುವೆ ಬದಲಿಸುವುದು ಮಾತ್ರ ಕೂಡದು. ಸೀರಮ್ ಬ್ಯಾಚ್ ಬದಲಾದರೂ ಕಾಲೊನಿಯ ಗಾತ್ರ ಬದಲಾಗಬಹುದಾದ ಪರೀಕ್ಷೆ ಇದು. ಒಂದು ಪ್ರಬಂಧಕ್ಕೆ ಬೇಕಾದಷ್ಟು ಬಾಟಲಿ ಒಂದೇ ಲಾಟಿನಲ್ಲಿ ತರಿಸಿಟ್ಟುಕೊಳ್ಳಿ. ಭಾರತದಲ್ಲಿ ತರಿಸುವವರು ಪೆಟ್ಟಿಗೆ ಬಂದ ತಕ್ಷಣ ಡ್ರೈ ಐಸ್ ಉಳಿದಿದೆಯೇ ಎಂದು ನೋಡಿ, ಬಾಟಲಿ ಗಟ್ಟಿಯಾಗಿಯೇ ಇದೆಯೇ ಎಂದು ಮುಟ್ಟಿ, ಫೋಟೊ ತೆಗೆದು, ಆಮೇಲೆ ರಸೀದಿಗೆ ಸಹಿ ಹಾಕಬೇಕು. ಹೊಸ ಲಾಟ್ ಬಂದಾಗ ಹಳೆಯ ಲಾಟಿನ ಒಂದು ಟ್ಯೂಬ್ ಉಳಿಸಿಕೊಂಡು, ಒಂದೇ ದಾನಿಯ ಕೋಶವನ್ನು ಎರಡರಲ್ಲೂ ಬಿತ್ತಿ ಹೋಲಿಸಿದರೆ ಖರ್ಚು ನಾಲ್ಕು ಡಿಶ್ ಮಾತ್ರ.

ಅಂಕ ಕೊಡಲೇಬೇಕೆಂದರೆ ಕೆಂಪು ಮತ್ತು ಮೈಲಾಯ್ಡ್ ಪ್ರೊಜೆನಿಟರ್ ಎಣಿಕೆಗೆ ಐದರಲ್ಲಿ ನಾಲ್ಕೂವರೆ. ಕಾಲೊನಿ ಕಿತ್ತು ಜೀನ್ ಓದುವ ಕೆಲಸಕ್ಕೆ ಐದಕ್ಕೆ ಐದು. ದಾರಿಯ ಆಯ್ಕೆ ಹೇಗಾಯಿತು ಎಂಬ ಪ್ರಶ್ನೆಗೆ ಎರಡು, ಅದೂ ಶೇಕಡಾವಾರು ಬಿಟ್ಟು ನಿಜ ಸಂಖ್ಯೆ ಬರೆಯುವವರಿಗೆ.